ಚುಕ್ಕಿಯಲ್ಲಿ ಕಟ್ಟಿದ ಕಲ್ಲು

ಚಿತ್ರದುರ್ಗದ ಕೋಟೆಯನ್ನು ಗೆರೆಯಲ್ಲಿ ಬಿಡಿಸಿದ ಚಿತ್ರಗಳಿಗೆ ನಮ್ಮೂರಿನಲ್ಲಿ ಬರವಿಲ್ಲ. ಕ್ಯಾಲೆಂಡರುಗಳಲ್ಲಿ, ಶಾಲೆಯ ಕಾಂಪೌಂಡುಗಳ ಮೇಲೆ, ಸ್ಮರಣ ಸಂಚಿಕೆಗಳ ಮುಖಪುಟದಲ್ಲಿ ಅವು ಕಾಣಸಿಗುತ್ತವೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಪ್ರತಿ ಬಂಡೆಯ ಸುತ್ತ ಒಂದು ದಪ್ಪ ಹೊರಗೆರೆ ಇರುತ್ತದೆ. ಕೋಟೆಯೊಳಗೆ ಹೋಗಿ ನಿಂತರೆ ಅಂಥ ಗೆರೆ ಎಲ್ಲಿಯೂ ಸಿಗುವುದಿಲ್ಲ. ಅಲ್ಲಿ ತಾನಾಗಿ ನೆಲೆನಿಂತ ಗುಂಡುಬಂಡೆಯ ಮೇಲೆಯೇ ಕಡಿದ ಕಲ್ಲಿನ ಗೋಡೆ ಏರಿ ಕೂತಿರುತ್ತದೆ. ಬಂಡೆಯದೂ ಗೋಡೆಯದೂ ಒಂದೇ ಜಾತಿಯ ಕಣಶಿಲೆ (ಗ್ರಾನೈಟ್), ಬೆಳಗಿನ ಓರೆ ಬಿಸಿಲಿನಲ್ಲಿ ಎರಡರ ಬಣ್ಣವೂ ಬಹುತೇಕ ಒಂದೇ. ಆದರೂ ಕಣ್ಣು ಅವೆರಡನ್ನು ಕ್ಷಣಮಾತ್ರದಲ್ಲಿ ಬೇರೆ ಮಾಡುತ್ತದೆ, ಏಕೆಂದರೆ ಮಳೆಗಾಳಿಗೆ ಸವೆದ ಬಂಡೆಯ ಮೈ ಒಂದು ಬಗೆ, ಉಳಿಯ ಪೆಟ್ಟು ತಿಂದ ಕಲ್ಲಿನ ಮೈ ಇನ್ನೊಂದು ಬಗೆ. ಈ ವ್ಯತ್ಯಾಸವನ್ನು ಕಾಗದಕ್ಕೆ ತರಲು ನಾನು ಹೆಚ್ಚಾಗಿ ನೆಚ್ಚಿಕೊಂಡಿರುವುದು ಚುಕ್ಕಿಯನ್ನು.

ಸ್ಟಿಪ್ಲಿಂಗ್ ಎಂದು ಕಲಾಶಾಲೆಗಳಲ್ಲಿ ಕರೆಯುವ ಈ ಪದ್ಧತಿಯಲ್ಲಿ ಗೆರೆ ಎಳೆಯುವುದಿಲ್ಲ, ಮಸಿಯನ್ನು ನೀರಿನಲ್ಲಿ ತೆಳುಮಾಡುವುದಿಲ್ಲ, ಬೆರಳಿನಿಂದ ಉಜ್ಜುವುದಿಲ್ಲ. ಇರುವುದು ಕಪ್ಪು ಚುಕ್ಕಿ ಮತ್ತು ಬಿಳಿ ಕಾಗದ, ಎರಡೇ. ನಡುವಿನ ಬೂದು ಬಣ್ಣಗಳೆಲ್ಲ ನೋಡುವವರ ಕಣ್ಣಿನಲ್ಲಿ ಹುಟ್ಟಬೇಕು. ಒಂದು ಜಾಗದಲ್ಲಿ ಎಷ್ಟು ಚುಕ್ಕಿಗಳಿವೆ ಎಂಬುದರಿಂದ ಛಾಯೆ ನಿರ್ಧಾರವಾಗುತ್ತದೆ. ಆ ಚುಕ್ಕಿಗಳು ಹೇಗೆ ಹರಡಿವೆ ಎಂಬುದರಿಂದ ಮೈವಳಿಕೆ, ಅಂದರೆ ಮೈ ಒರಟೋ ನಯವೋ ಎಂಬುದು, ನಿರ್ಧಾರವಾಗುತ್ತದೆ. ಇವು ಬೇರೆ ಬೇರೆ ತೀರ್ಮಾನಗಳಾದರೂ ಎರಡಕ್ಕೂ ಇರುವ ಸಾಧನ ಅದೇ ಚುಕ್ಕಿಯಾದ್ದರಿಂದ, ಒಂದನ್ನು ಸರಿಪಡಿಸಲು ಹೋದಾಗ ಇನ್ನೊಂದು ಕೆಡುತ್ತದೆ. ನೆರಳು ಸಾಲದೆಂದು ಚುಕ್ಕಿ ಸೇರಿಸುತ್ತ ಹೋದರೆ ಕಲ್ಲಿನ ಒರಟುತನವೆಲ್ಲ ಮುಚ್ಚಿಹೋಗಿ ಬಂಡೆ ಗಿಲಾವು ಮಾಡಿದ ಗೋಡೆಯಂತೆ ನಯವಾಗುತ್ತದೆ. ಒರಟುತನಕ್ಕೆಂದು ಚುಕ್ಕಿಗಳನ್ನು ಗುಂಪುಗೂಡಿಸಿದರೆ ಬಿಸಿಲಿರಬೇಕಾದ ಜಾಗದಲ್ಲಿ ಕಲೆ ಬಿದ್ದಂತಾಗುತ್ತದೆ. ಈ ಕೆಲಸದ ಕಷ್ಟವನ್ನು ಜನ ಸಾಮಾನ್ಯವಾಗಿ ತಾಳ್ಮೆಯ ಲೆಕ್ಕದಲ್ಲಿ ಅಳೆಯುತ್ತಾರೆ. ನನ್ನ ಮಟ್ಟಿಗೆ ತಾಳ್ಮೆ ಅದರ ಸಣ್ಣ ಪಾಲು. ಛಾಯೆಗೂ ಮೈವಳಿಕೆಗೂ ನಡೆಯುವ ಈ ಜಗ್ಗಾಟವೇ ದೊಡ್ಡ ಪಾಲು.

ಚುಕ್ಕಿ ಎಂದೊಡನೆ ನಮ್ಮವರಿಗೆ ರಂಗೋಲಿ ನೆನಪಾಗುವುದು ಸಹಜ, ಆದರೆ ಅಲ್ಲಿ ಚುಕ್ಕಿ ಗೆರೆಗೆ ದಾರಿ ತೋರಿಸುತ್ತದೆಯೇ ಹೊರತು ನೆರಳು ಬೆಳಕಿನ ಗೊಡವೆಗೆ ಹೋಗುವುದಿಲ್ಲ. ನಮ್ಮ ಸೀಮೆಯ ಅಜ್ಜಿಯರ ಮುಂಗೈ ಮೇಲಿನ ಹಚ್ಚೆಯೂ ಸೂಜಿಯಿಂದ ಚುಚ್ಚಿದ ಚುಕ್ಕಿಗಳಿಂದಲೇ ಆದದ್ದು. ಅದನ್ನು ಹಾಕುತ್ತಿದ್ದ ಕೊರವಂಜಿಯ ಗುರಿಯೂ ಗೆರೆಯೇ ಆಗಿತ್ತು. ಮಧ್ಯಪ್ರದೇಶದ ಗೊಂಡ ಕಲಾವಿದ ಜನ್‌ಗಢ್ ಸಿಂಗ್ ಶ್ಯಾಮ್ ಅವರ ಪ್ರಾಣಿಗಳ ಮೈತುಂಬ ಸಾಲುಗಟ್ಟಿರುವ ಚುಕ್ಕಿಗಳು ಮೈವಳಿಕೆಗೆ ಒಳ್ಳೆಯ ಉದಾಹರಣೆ, ಆದರೆ ಅವು ನೆರಳನ್ನು ಹೇಳುವುದಿಲ್ಲ. ಛಾಯೆಗೆಂದೇ ಚುಕ್ಕಿ ಇಟ್ಟವರನ್ನು ನಮ್ಮ ದೇಶದಲ್ಲಿ ಹುಡುಕುವುದಾದರೆ ಮೊಘಲ್ ಮತ್ತು ರಾಜಸ್ಥಾನಿ ಕಿರುಚಿತ್ರಗಳ ಕಡೆಗೆ ಹೋಗಬೇಕು. ಅಳಿಲಿನ ಬಾಲದ ಕೂದಲಿನ ಕುಂಚದಿಂದ, ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಚುಕ್ಕಿಗಳನ್ನು ಕೆನ್ನೆಯ ತಿರುವಿಗೂ ಗದ್ದದ ಕೆಳಗೂ ಇಟ್ಟು ಮುಖಕ್ಕೆ ದುಂಡುತನ ತರುತ್ತಿದ್ದ ಆ ಕ್ರಮಕ್ಕೆ ಪರ್ದಾಜ್ ಎಂಬ ಹೆಸರಿದೆ. ಯುರೋಪಿನಲ್ಲಿ ಅದೇ ಕೆಲಸವನ್ನು ತಾಮ್ರದ ತಗಡಿನ ಮೇಲೆ ಮಾಡಿದವರಲ್ಲಿ ಮೊದಲಿಗನೆಂದು ಹೆಸರಾದವನು, 16ನೇ ಶತಮಾನದ ಆರಂಭದಲ್ಲಿ ಇಟಲಿಯಲ್ಲಿದ್ದ ಜೂಲಿಯೊ ಕಂಪಾನ್ಯೋಲ. ತಗಡಿನಲ್ಲಿ ಗೆರೆ ಕೊರೆಯುವುದೇ ರೂಢಿಯಾಗಿದ್ದ ಕಾಲದಲ್ಲಿ ಅವನು ಮೊನೆಯಿಂದ ಕುಟ್ಟಿ ಚುಕ್ಕಿ ಮಾಡಿ, ತೈಲವರ್ಣಚಿತ್ರದ ಮಬ್ಬು ನೆರಳನ್ನು ಅಚ್ಚಿನಲ್ಲಿ ತರಲು ಹವಣಿಸಿದ.

ಫ್ರಾನ್ಸಿನ ಚಿತ್ರಕಾರ ಜಾರ್ಜ್ ಸ್ಯುರಾನ ಹೆಸರು ಇಲ್ಲಿ ಬರಲೇಬೇಕು, ಆದರೆ ಅವನ ದಾರಿ ಬೇರೆ ಎಂದು ಹೇಳುವುದಕ್ಕಾಗಿ ಮಾತ್ರ. 1884ರಲ್ಲಿ ಆರಂಭಿಸಿ 1886ರಲ್ಲಿ ಪ್ರದರ್ಶಿಸಿದ, ಸುಮಾರು 2 ಮೀಟರ್ ಎತ್ತರ ಮತ್ತು 3 ಮೀಟರ್ ಅಗಲದ ಗ್ರಾಂಡ್ ಜಾಟ್ ದ್ವೀಪದ ಚಿತ್ರದಲ್ಲಿ ಅವನು ಚುಕ್ಕಿಯನ್ನು ಬಳಸಿದ್ದು ಬಣ್ಣಗಳನ್ನು ಕಣ್ಣಿನಲ್ಲಿ ಬೆರೆಸುವುದಕ್ಕೆ. ಪಕ್ಕಪಕ್ಕದಲ್ಲಿರುವ ಬಣ್ಣಗಳು ಒಂದರ ಮೇಲೊಂದು ಬೀರುವ ಪ್ರಭಾವದ ಬಗ್ಗೆ ಶೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞ 1839ರಲ್ಲಿ ಪ್ರಕಟಿಸಿದ್ದ ವಿಚಾರಗಳು ಅವನ ಬೆನ್ನಿಗಿದ್ದವು. ಹಾಗೆ ಬೆರೆತ ಬಣ್ಣಗಳು ಬಟ್ಟಲಿನಲ್ಲಿ ಕಲಸಿದ ಬಣ್ಣಗಳಂತೆ ವರ್ತಿಸುವುದಿಲ್ಲ: ನೀಲಿ ಮತ್ತು ಹಳದಿಯ ಸಣ್ಣ ಚುಕ್ಕಿಗಳು ದೂರದಿಂದ ಹಸಿರಾಗುವ ಬದಲು ಬೂದು ಬಣ್ಣದ ಕಡೆಗೆ ವಾಲುತ್ತವೆ, ಏಕೆಂದರೆ ಕಣ್ಣು ಅಲ್ಲಿ ಬೆಳಕಿನ ಸರಾಸರಿ ತೆಗೆಯುತ್ತಿರುತ್ತದೆ. ನನಗೆ ಆ ದೊಡ್ಡ ಚಿತ್ರಕ್ಕಿಂತ ಅವನ ಕಪ್ಪು ಕೋಂಟೆ ಕಡ್ಡಿಯ (ಒಂದು ಬಗೆಯ ಗಟ್ಟಿ ಕ್ರೇಯಾನ್) ರೇಖಾಚಿತ್ರಗಳೇ ಹೆಚ್ಚು ಪ್ರಿಯ. ಒರಟು ಕಾಗದದ ಉಬ್ಬುಗಳ ಮೇಲೆ ಮಾತ್ರ ಕಪ್ಪು ಹತ್ತಿ ತಗ್ಗುಗಳು ಬಿಳಿಯಾಗಿ ಉಳಿಯುವುದರಿಂದ, ಅಲ್ಲಿ ಕಾಗದವೇ ಚುಕ್ಕಿ ಇಡುತ್ತದೆ.

ಕಪ್ಪು ಬಿಳುಪಿನ ಕೆಲಸಕ್ಕೆ ಮರಳೋಣ. ಚುಕ್ಕಿಚಿತ್ರವನ್ನು ನೋಡಿದವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಇದ್ರಾಗೆ ಎಷ್ಟು ಚುಕ್ಕಿ ಐದಾವೆ ಸಾರ್?" ಎಣಿಸುವ ಹುಚ್ಚು ನನಗಿಲ್ಲ, ಲೆಕ್ಕ ಹಾಕುವುದು ಮಾತ್ರ ಸುಲಭ. 0.25 ಮಿಲಿಮೀಟರ್ ಅಗಲದ ಒಂದು ಚುಕ್ಕಿ ಒಂದು ಚದರ ಮಿಲಿಮೀಟರಿನ ಸುಮಾರು ಇಪ್ಪತ್ತನೆಯ ಒಂದು ಭಾಗವನ್ನು ಮುಚ್ಚುತ್ತದೆ. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಶೇ. 10ರಷ್ಟು ಕಪ್ಪು ಬೇಕಾದರೆ 200ರ ಆಸುಪಾಸಿನ ಚುಕ್ಕಿಗಳು ಸಾಕು. ಶೇ. 50ಕ್ಕೆ ಅದರ ಐದು ಪಟ್ಟು, ಅಂದರೆ 1,000 ಸಾಕೆಂದು ತೋರಬಹುದು; ಆದರೆ ಚುಕ್ಕಿಗಳು ಒಂದರ ಮೇಲೊಂದು ಬೀಳತೊಡಗುವುದರಿಂದ, ಮನಬಂದಂತೆ ಹರಡಿದರೆ 1,400ರಷ್ಟು ಬೇಕಾಗುತ್ತವೆ, ಶೇ. 80ಕ್ಕೆ 3,200 ದಾಟುತ್ತವೆ. ಎ4 ಹಾಳೆಯ ತುಂಬ ಸರಾಸರಿ ಶೇ. 30ರ ಛಾಯೆಯಿದ್ದರೆ ಒಟ್ಟು ನಾಲ್ಕೂವರೆ ಲಕ್ಷದ ಹತ್ತಿರ ಬರುತ್ತದೆ. ಸೆಕೆಂಡಿಗೆ ಎರಡರಂತೆ ಇಟ್ಟರೂ 60 ಗಂಟೆಗೆ ಮೇಲ್ಪಟ್ಟ ಕೆಲಸ. ಪ್ರಶ್ನೆ ಕೇಳಿದವರಿಗೆ ಈ ಅಂಕಿ ಸಂತೋಷ ಕೊಡುತ್ತದೆ. ಚಿತ್ರ ಬರೆಯುವವನಿಗೆ ಅದರೊಳಗೆ ಅಡಗಿರುವ ಇನ್ನೊಂದು ವಿಷಯ ಹೆಚ್ಚು ಮುಖ್ಯ.

ಅದು ಹೀಗಿದೆ. ಅರ್ಧ ಜಾಗವನ್ನು ಕಪ್ಪು ಮಾಡಿದರೆ ಕಣ್ಣಿಗೆ ಅರ್ಧ ಕಪ್ಪಾಗಿ ಕಾಣುವುದಿಲ್ಲ. ಬಿಳಿಗೂ ಕಪ್ಪಿಗೂ ಸರಿಯಾಗಿ ನಡುವೆ ಇದೆ ಎಂದು ನಮಗೆ ಅನ್ನಿಸುವ ಬೂದು ಬಣ್ಣ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 18ರಿಂದ 20ರಷ್ಟನ್ನು ಮಾತ್ರ ಹಿಂದಕ್ಕೆ ಕಳುಹಿಸುತ್ತದೆ. ಛಾಯಾಗ್ರಾಹಕರು ಬೆಳಕು ಅಳೆಯಲು ಬಳಸುವ ಬೂದು ಕಾರ್ಡಿನ ಹಿಂದೆ ಇರುವುದೂ ಇದೇ ಸಂಗತಿ. ಹಾಗಾಗಿ ಚುಕ್ಕಿಯಲ್ಲಿ ಅಂಥ ನಡುಬೂದು ಬರಬೇಕಾದರೆ ಕಾಗದದ ಸುಮಾರು ಶೇ. 80ರಷ್ಟು ಮುಚ್ಚಬೇಕು. ಹೊಸಬರ ಚುಕ್ಕಿಚಿತ್ರಗಳೆಲ್ಲ ಮಂಜು ಕವಿದಂತೆ ಪೇಲವವಾಗಿ ನಿಂತುಬಿಡುವುದಕ್ಕೆ ಕಾರಣ ಇದು: ಅವರು ಅರ್ಧ ತುಂಬಿಸಿ, ನೆರಳು ಮುಗಿಯಿತೆಂದು ಪೆನ್ನು ಕೆಳಗಿಡುತ್ತಾರೆ. ಇತ್ತ ಬಿಸಿಲಿನ ಕಡೆ ಪರಿಸ್ಥಿತಿ ತಿರುಗುಮುರುಗಾಗಿದೆ. ಖಾಲಿ ಬಿಳಿಯಲ್ಲಿ ಹತ್ತಿಪ್ಪತ್ತು ಚುಕ್ಕಿ ಹೆಚ್ಚಾದರೂ ಕಣ್ಣಿಗೆ ತಟ್ಟುತ್ತದೆ, ಗಾಢ ನೆರಳಿನಲ್ಲಿ ನೂರು ಹೆಚ್ಚಾದರೂ ಗೊತ್ತಾಗುವುದಿಲ್ಲ. ಹಾಗಾಗಿ ಎಚ್ಚರವನ್ನೆಲ್ಲ ಬೆಳಕಿನ ಅಂಚಿಗೆ ಮೀಸಲಿಟ್ಟು, ಕತ್ತಲಲ್ಲಿ ಕೈಬಿಚ್ಚಿ ಖರ್ಚು ಮಾಡಬೇಕು.

ಇನ್ನು ಹರಡುವಿಕೆಯ ಮಾತು. ಚುಕ್ಕಿಗಳನ್ನು ಸಮನಾಗಿ ಹರಡು ಎಂದರೆ ಕೈ ಅವನ್ನು ಸಾಲಾಗಿ ಇಡುತ್ತದೆ; ಸಾಲು ಬೇಡವೆಂದು ಸಂಪೂರ್ಣ ಮನಬಂದಂತೆ ಇಟ್ಟರೆ ಒಂದೆಡೆ ಗುಂಪಾಗಿ ಇನ್ನೊಂದೆಡೆ ಬರಿದಾಗುತ್ತದೆ. ಛಾಯೆಗೆ ಬೇಕಾದದ್ದು ಇವೆರಡರ ನಡುವಿನ ಸ್ಥಿತಿ: ಯಾವ ಎರಡು ಚುಕ್ಕಿಗಳೂ ತೀರಾ ಹತ್ತಿರ ಬರಬಾರದು, ಹಾಗೆಂದು ಯಾವ ಮೂರು ನಾಲ್ಕು ಚುಕ್ಕಿಗಳೂ ಒಂದು ನೇರಕ್ಕೆ ಬೀಳಬಾರದು. ಕಂಪ್ಯೂಟರ್ ಚಿತ್ರಗಳ ಕ್ಷೇತ್ರದಲ್ಲಿ ಇಂಥ ಹರಡುವಿಕೆಗೆ ಬ್ಲೂ ನಾಯ್ಸ್ ಎನ್ನುತ್ತಾರೆ. ಮಂಗಗಳ ಅಕ್ಷಿಪಟಲದ ನಡುಭಾಗದ ಹೊರಗೆ, ಬೆಳಕನ್ನು ಗ್ರಹಿಸುವ ಕೋಶಗಳು ಸರಿಸುಮಾರು ಇದೇ ಬಗೆಯಲ್ಲಿ ಹರಡಿಕೊಂಡಿವೆ ಎಂದು ಯೆಲಟ್ ಎಂಬ ಸಂಶೋಧಕ 1983ರಲ್ಲಿ ತೋರಿಸಿದ. ಕೈಗೆ ಈ ಹರಡುವಿಕೆ ತಾನಾಗಿ ಒಲಿಯುವುದಿಲ್ಲ. ಮಣಿಕಟ್ಟನ್ನು ಊರಿಕೊಂಡು ಚುಕ್ಕಿ ಇಡುತ್ತ ಹೋದಾಗ ಅವು ಮಣಿಕಟ್ಟಿನ ಸುತ್ತ ಒಂದು ಕಮಾನಿನ ಆಕಾರದಲ್ಲಿ ಬೀಳುತ್ತವೆ, ಅದರಲ್ಲೂ ಕೈ ದಣಿದಾಗ ಒಂದು ತಾಳಕ್ಕೆ ಸಿಕ್ಕಿಬೀಳುತ್ತದೆ. ಹಾಳೆಯನ್ನು ಆಗಾಗ ತಿರುಗಿಸಿಕೊಳ್ಳುವುದು, ಒಂದೇ ಕಡೆ ಮುಗಿಸದೆ ಇಡೀ ಚಿತ್ರಕ್ಕೆ ಮೊದಲು ತೆಳುವಾದ ಒಂದು ಸುತ್ತು, ಆಮೇಲೆ ಅದರ ಸಂದುಗಳಲ್ಲಿ ಎರಡನೆಯ ಸುತ್ತು ಎಂದು ಹೋಗುವುದು ಇದಕ್ಕೆ ಮದ್ದು.

ನೋಡುವ ದೂರವನ್ನೂ ಮೊದಲೇ ತೀರ್ಮಾನಿಸಬೇಕು. ಸಾಮಾನ್ಯ ದೃಷ್ಟಿಯುಳ್ಳವರ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು. ಓದುವ ದೂರವಾದ 30 ಸೆಂಟಿಮೀಟರಿನಲ್ಲಿ ಅದು 0.1 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ, 3 ಮೀಟರಿನಲ್ಲಿ 0.9 ಮಿಲಿಮೀಟರಿನ ಹತ್ತಿರ. ಕೈಯಲ್ಲಿ ಹಿಡಿದು ನೋಡುವ ಚಿತ್ರದಲ್ಲಿ ಪೆನ್ನಿನ ಚುಕ್ಕಿ ಯಾವಾಗಲೂ ಬಿಡಿಯಾಗಿಯೇ ಕಾಣುತ್ತದೆ ಎಂದಾಯಿತು. ಅದೇ ಚಿತ್ರವನ್ನು ಕೋಣೆಯ ಆಚೆ ಗೋಡೆಗೆ ತೂಗುಹಾಕಿದರೆ ಚುಕ್ಕಿಗಳು ಕರಗಿ ಛಾಯೆ ಮಾತ್ರ ಉಳಿಯುತ್ತದೆ. ಮೈವಳಿಕೆ ಹತ್ತಿರದವರಿಗೆ, ಛಾಯೆ ದೂರದವರಿಗೆ. ಆದ್ದರಿಂದ ಛಾಯೆಯನ್ನು ಪರೀಕ್ಷಿಸಲು ಎದ್ದು ಹೋಗಿ ದೂರದಿಂದ, ಕಣ್ಣು ಕಿರಿದು ಮಾಡಿ ನೋಡುವುದು ಕೆಲಸದ ಒಂದು ಭಾಗವೇ ಆಗಬೇಕು.

ಇಷ್ಟು ತಿಳಿದ ಮೇಲೆ ಕೋಟೆಗೆ ಹೋಗೋಣ. ನಮ್ಮ ಬಂಡೆಯ ಮೈಯನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಹೊಳೆಯುವ ಬೆಣಚು, ಮಸುಕಾದ ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕ ಬೇರೆ ಬೇರೆ ಹರಳುಗಳಾಗಿ ಕಾಣುತ್ತವೆ. ಈ ಹರಳುಗಳನ್ನು ಒಂದೊಂದಾಗಿ ಬರೆಯಹೊರಟರೆ ಬಂಡೆ ಚಿರತೆಯಾಗುತ್ತದೆ. ನಾನು ಮಾಡುವುದು ಇಷ್ಟೇ: ಮೊದಲ ಸುತ್ತಿನಲ್ಲಿ ಬಂಡೆಯ ದುಂಡುತನವನ್ನು ಮಾತ್ರ, ಮೇಲೆ ಹೇಳಿದ ಸಮ ಹರಡುವಿಕೆಯಲ್ಲಿ, ಬೇಕಾದದ್ದಕ್ಕಿಂತ ಸ್ವಲ್ಪ ತೆಳುವಾಗಿ ಕೂರಿಸುತ್ತೇನೆ, ಎರಡನೆಯ ಸುತ್ತಿನಲ್ಲಿ ನಿಯಮ ಮುರಿದು, ಎರಡು ಮೂರು ಚುಕ್ಕಿಗಳನ್ನು ಅಂಟಿಸಿ, ಪಕ್ಕದಲ್ಲಿ ಅಷ್ಟೇ ಜಾಗವನ್ನು ಬಿಳಿಯಾಗಿ ಉಳಿಸುತ್ತೇನೆ. ಚುಕ್ಕಿಗಳ ಸಂಖ್ಯೆ ಅಷ್ಟೇ ಇದ್ದು ಹರಡುವಿಕೆ ಮಾತ್ರ ಬದಲಾಗುವುದರಿಂದ ಛಾಯೆ ಹೆಚ್ಚು ಕದಲದೆ ಒರಟುತನ ಮೂಡುತ್ತದೆ. ಇದನ್ನು ಬಿಸಿಲಿನ ಬದಿಯಲ್ಲಾಗಲಿ ಗಾಢ ನೆರಳಿನಲ್ಲಾಗಲಿ ಮಾಡಬಾರದು. ಕಲ್ಲಿನ ಒರಟುತನ ನಮಗೆ ನಿಜವಾಗಿ ಕಾಣುವುದು ಬೆಳಕು ನೆರಳಿಗೆ ತಿರುಗುವ ನಡುವಿನ ಪಟ್ಟಿಯಲ್ಲಿ, ಬಿಸಿಲು ಮೈಯನ್ನು ಸವರಿಕೊಂಡು ಹೋಗುವಲ್ಲಿ. ಎದುರು ಬಿಸಿಲು ಬಿದ್ದ ಕಡೆ ಅದು ಅಳಿಸಿಹೋಗಿರುತ್ತದೆ, ನೆರಳಿನಲ್ಲಿ ಮುಳುಗಿಹೋಗಿರುತ್ತದೆ. ಛಾಯೆ ಮತ್ತು ಮೈವಳಿಕೆಯ ಜಗಳಕ್ಕೆ ನಾನು ಕಂಡುಕೊಂಡ ಇತ್ಯರ್ಥ ಇದೇ. ಇಡೀ ಬಂಡೆಯ ಒರಟುತನವನ್ನು ಆ ಒಂದು ಪಟ್ಟಿ ಹೊತ್ತುಕೊಳ್ಳಲಿ, ಉಳಿದ ಭಾಗದಲ್ಲಿ ಛಾಯೆ ನಿರಾಳವಾಗಿ ಇರಲಿ; ನೋಡುವವರು ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ.

ಮಳೆನೀರು ಇಳಿದಿಳಿದು ಬಂಡೆಗಳ ಮೇಲೆ ಕಪ್ಪು ಪಟ್ಟೆಗಳಾಗಿರುತ್ತವೆ. ಇವು ಬಣ್ಣದ ಕಪ್ಪೇ ಹೊರತು ನೆರಳಿನ ಕಪ್ಪಲ್ಲ ಎಂಬುದನ್ನು ತೋರಿಸುವುದು ಕಷ್ಟ. ಪಟ್ಟೆಯ ಅಂಚು ಮೇಲ್ಗಡೆ ಖಚಿತವಾಗಿರಬೇಕು, ಕೆಳಗೆ ಇಳಿಯುತ್ತ ಹರಿದು ಚೆದುರಬೇಕು, ಮತ್ತು ಪಟ್ಟೆಯೊಳಗಿನ ಚುಕ್ಕಿಗಳು ನೀರು ಇಳಿದ ದಿಕ್ಕಿನಲ್ಲಿ ತುಸು ಸಾಲುಗಟ್ಟಬೇಕು. ಸಾಲು ಕೂಡದು ಎಂಬ ನಿಯಮವನ್ನು ಉದ್ದೇಶಪೂರ್ವಕವಾಗಿ ಮುರಿಯುವ ಜಾಗ ಇದು. ಕಲ್ಲು ಸೀಳಲು ಬೆಣೆ ಹೊಡೆದ ಗುಳಿಗಳ ಸಾಲು ಕೆಲವು ಬಂಡೆಗಳ ಅಂಚಿನಲ್ಲಿ ಇಂದಿಗೂ ಉಳಿದಿದೆ. ಪ್ರತಿ ಗುಳಿಗೂ ಬೆಳಕು ಬರುವ ಕಡೆಯ ಒಳಗೋಡೆಯಲ್ಲಿ ಒತ್ತಾದ ನೆರಳು, ಎದುರುಗೋಡೆಯಲ್ಲಿ ಖಾಲಿ ಬಿಳಿ, ಅಷ್ಟೇ ಸಾಕು; ಸುತ್ತ ಗೆರೆ ಬರೆದರೆ ಗುಳಿ ಹೋಗಿ ಅಂಗಿಯ ಗುಂಡಿಯಂತೆ ಎದ್ದು ನಿಲ್ಲುತ್ತದೆ. ಕಡಿದ ಕಲ್ಲಿನ ಗೋಡೆಯಲ್ಲಿ ಕಲ್ಲುಗಳ ನಡುವಿನ ಸಂದನ್ನೂ ಗೆರೆಯಾಗಿ ಬರೆಯುವುದಿಲ್ಲ. ಒಂದು ಕಲ್ಲಿನ ಕೆಳಅಂಚಿನ ನೆರಳು ಮುಂದಿನ ಕಲ್ಲಿನ ಮೇಲಂಚಿನ ಬಿಳಿಗೆ ತಾಗಿದರೆ ಸಂದು ತಾನಾಗಿ ಹುಟ್ಟುತ್ತದೆ, ಬಿಸಿಲು ತೀವ್ರವಾಗಿರುವಲ್ಲಿ ಅದು ಕಳೆದುಹೋದರೂ ನಷ್ಟವಿಲ್ಲ.

ಕೋಟೆಯೊಳಗಿನ ಮಣ್ಣಿನ ಗೋಡೆಗಳ ಅವಶೇಷಗಳಿಗೆ ಬೇರೆ ಕೈ ಬೇಕು. ಕಲ್ಲಿಗೆ ಒಂದೇ ಅಳತೆಯ ಚುಕ್ಕಿ ಹೊಂದುತ್ತದೆ. ಮಣ್ಣಿಗೆ ಎರಡು ಅಳತೆಯ ಪೆನ್ನುಗಳನ್ನು ಬೆರೆಸಿ, ಸಣ್ಣ ಚುಕ್ಕಿಗಳ ನಡುವೆ ಅಲ್ಲಲ್ಲಿ ದಪ್ಪ ಚುಕ್ಕಿ ಬಿಟ್ಟರೆ ಕಲ್ಲುಚೂರು ಸೇರಿದ ಕೆಮ್ಮಣ್ಣಿನ ನೆನಪು ಬರುತ್ತದೆ. ಗೋಪಾಲಸ್ವಾಮಿ ಹೊಂಡದ ನೀರಿಗೆ ಅಡ್ಡ ಸಾಲುಗಳು, ನಡುವೆ ಅಗಲವಾದ ಬಿಳಿ ಪಟ್ಟಿಗಳು. ಆಕಾಶಕ್ಕೆ ಚುಕ್ಕಿ ಇಡುವವರಿದ್ದಾರೆ. ದುರ್ಗದ ಬೇಸಿಗೆಯ ಆಕಾಶಕ್ಕೆ ಖಾಲಿ ಕಾಗದಕ್ಕಿಂತ ಸರಿಯಾದದ್ದು ನನಗೆ ತೋಚಿಲ್ಲ.

ಚುಕ್ಕಿಯನ್ನು ಇಷ್ಟು ಶಿಸ್ತಿನಿಂದ ಬೆಳೆಸಿದವರು ಕಲಾವಿದರಿಗಿಂತ ಹೆಚ್ಚಾಗಿ ವಿಜ್ಞಾನದ ಚಿತ್ರಕಾರರು. ಗೆರೆಚಿತ್ರಗಳನ್ನು ಅಚ್ಚು ಹಾಕುತ್ತಿದ್ದ ಲೋಹದ ಪಡಿಯಚ್ಚಾದ ಲೈನ್ ಬ್ಲಾಕಿನ ಮುದ್ರಣದಲ್ಲಿ ಕಪ್ಪು ಇಲ್ಲವೇ ಬಿಳಿ ಎಂಬ ಎರಡೇ ಇದ್ದುದರಿಂದ, ಪೆನ್ಸಿಲಿನ ಬೂದು ಅಲ್ಲಿ ನಿಲ್ಲುತ್ತಿರಲಿಲ್ಲ. ಚುಕ್ಕಿಯ ಬೂದು ನಿಲ್ಲುತ್ತಿತ್ತು. ಸಸ್ಯ, ಕೀಟ, ಮೂಳೆಗಳ ಚಿತ್ರಗಳು ಹೀಗೆ ಚುಕ್ಕಿಮಯವಾದವು. ಬೆಳಕು ಎಡಮೇಲ್ಗಡೆಯಿಂದ ಬೀಳುತ್ತದೆ ಎಂದು ಒಪ್ಪಿಕೊಂಡೇ ಬರೆಯುವುದು, ಅಚ್ಚಾಗುವ ಅಳತೆಯ ಒಂದೂವರೆ ಅಥವಾ ಎರಡು ಪಟ್ಟು ದೊಡ್ಡದಾಗಿ ಬರೆದು ಕಿರಿದು ಮಾಡುವುದು ಇವೆಲ್ಲ ಅವರ ಕಟ್ಟಳೆಗಳು. ಪುರಾತತ್ತ್ವದ ಚಿತ್ರಣದಲ್ಲಿ ಇನ್ನೊಂದು ಸೊಗಸಾದ ಒಪ್ಪಂದವಿದೆ: ಕಲ್ಲಿನ ಆಯುಧದಲ್ಲಿ ಚಕ್ಕೆ ಎಬ್ಬಿಸಿದ ಭಾಗವನ್ನು ಬಾಗಿದ ಗೆರೆಗಳಲ್ಲಿ, ಉಜ್ಜಿ ನಯಮಾಡಿದ ಭಾಗವನ್ನು ಚುಕ್ಕಿಗಳಲ್ಲಿ ತೋರಿಸುತ್ತಾರೆ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರ್ 1947ರಲ್ಲಿ ನಡೆಸಿದ ಉತ್ಖನನದಲ್ಲಿ ಸಿಕ್ಕಂಥ ಉಜ್ಜಿದ ಕಲ್ಲುಗೊಡಲಿಗಳಿಗೆ ಈ ಒಪ್ಪಂದ ಹೇಳಿ ಮಾಡಿಸಿದಂತಿದೆ. ಅಲಗಿನ ಕಡೆ ಚುಕ್ಕಿ, ಹಿಡಿಯ ಕಡೆ ಉಳಿದ ಚಕ್ಕೆಯ ಗುರುತುಗಳಿಗೆ ಗೆರೆ: ಆಯುಧವನ್ನು ಮಾಡಿದವನು ಎಲ್ಲಿ ಕುಟ್ಟಿದ, ಎಲ್ಲಿ ಉಜ್ಜಿದ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದುವ ಮಕ್ಕಳು ಚುಕ್ಕಿಯ ಅಭ್ಯಾಸಕ್ಕೆ ಏನು ಬರೆಯಲಿ ಎಂದು ಕೇಳಿದರೆ, ಸಿನಿಮಾ ನಟರ ಮುಖಗಳನ್ನು ಸ್ವಲ್ಪ ದಿನ ಬದಿಗಿಟ್ಟು, ರಂಗಯ್ಯನ ಬಾಗಿಲ ಬಳಿಯ ವಸ್ತುಸಂಗ್ರಹಾಲಯದ ಕಲ್ಲುಗಳ ಮುಂದೆ ಕೂರಿ ಎನ್ನುತ್ತೇನೆ.

ಪತ್ರಿಕೆಯ ಫೋಟೋದ ಹಾಫ್‌ಟೋನ್ ಚುಕ್ಕಿ ಇದರ ದಾಯಾದಿ, ಆದರೆ ಕ್ರಮ ತದ್ವಿರುದ್ಧ. ಅಲ್ಲಿ ಚುಕ್ಕಿಗಳ ನಡುವಿನ ಅಂತರ ಒಂದೇ ಇದ್ದು ಗಾತ್ರ ಬದಲಾಗುತ್ತದೆ; ಇಲ್ಲಿ ಗಾತ್ರ ಒಂದೇ ಇದ್ದು ಅಂತರ ಬದಲಾಗುತ್ತದೆ. ಯಂತ್ರದ ಆ ಜಾಲರಿಗೆ ಮೈವಳಿಕೆ ಎಂಬುದೇ ಇಲ್ಲ: ಬಂಡೆಗೂ ಕೆನ್ನೆಗೂ ಅದೇ ಸಾಲು.

ಸಲಕರಣೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಪಿಗ್ಮಾ ಮೈಕ್ರಾನ್ ಪೆನ್ನಿನ ಮೇಲಿನ ಸಂಖ್ಯೆ ಮಿಲಿಮೀಟರ್ ಅಲ್ಲ ಎಂಬುದು ನೆನಪಿರಲಿ: 005 ಎಂದರೆ 0.20 ಮಿಲಿಮೀಟರ್, 01 ಎಂದರೆ 0.25, 05 ಎಂದರೆ 0.45. ಪೆನ್ನನ್ನು ನೆಟ್ಟಗೆ ಹಿಡಿದು, ಊರಿ, ನೆಟ್ಟಗೇ ಎತ್ತಬೇಕು. ಓರೆಯಾಗಿ ಎತ್ತಿದರೆ ಚುಕ್ಕಿಗೆ ಬಾಲ ಬಂದು, ಒಂದು ದಿಕ್ಕಿಗೆ ಬಾಲವಿರುವ ಸಾವಿರ ಚುಕ್ಕಿಗಳು ಸೇರಿ ಗೆರೆಯ ಭ್ರಮೆ ಹುಟ್ಟಿಸುತ್ತವೆ. ತುದಿ ಸವೆದು ದಪ್ಪವಾದ ಪೆನ್ನನ್ನು ಎಸೆಯದೆ ನೆರಳಿಗೆಂದು ಇಟ್ಟುಕೊಳ್ಳಬಹುದು. ಜೆಲ್ ಪೆನ್ನಿನ ಮಸಿ ಚುಕ್ಕಿಯ ಮೇಲೆ ಗುಡ್ಡೆಯಾಗಿ ನಿಂತು ಅಂಗೈಗೆ ಹತ್ತುತ್ತದೆ. ಕಾಗದ ನಯವಾಗಿರಬೇಕು: ದಪ್ಪ ಐವರಿ ಶೀಟ್ ಆಗಬಹುದು, ಜಲವರ್ಣದ ಒರಟು ಹಾಳೆ ಬೇಡ, ಅದು ಮೊನೆಯನ್ನು ತಿಂದುಹಾಕುತ್ತದೆ. ಗ್ರ್ಯಾಫೈಟ್ ಪೆನ್ಸಿಲಿನ ಕರಡು ತೀರಾ ತೆಳುವಾಗಿರಲಿ. ಮಸಿ ಸಂಪೂರ್ಣ ಒಣಗುವ ಮೊದಲು ರಬ್ಬರ್ ಆಡಿಸಿದರೆ ಕಪ್ಪು ಮಂಕಾಗುತ್ತದೆ.

ಮುಗಿದ ಚಿತ್ರವನ್ನು ಫೋನಿನಲ್ಲಿ ತೆಗೆದು ಹಂಚಿಕೊಳ್ಳುವಾಗ ಈ ಶ್ರಮಕ್ಕೆ ನ್ಯಾಯ ಸಿಗುವುದು ಅಪರೂಪ. ಕ್ಯಾಮೆರಾದ ತಂತ್ರಾಂಶ ಸಣ್ಣ ಚುಕ್ಕಿಗಳನ್ನು ದೋಷವೆಂದು ಭಾವಿಸಿ ಸವರಿಬಿಡುತ್ತದೆ, ವಾಟ್ಸಾಪು ಉಳಿದದ್ದನ್ನೂ ಕುಗ್ಗಿಸುತ್ತದೆ, ಒತ್ತಾದ ಜಾಗಗಳಲ್ಲಿ ಚಿತ್ರದಲ್ಲೇ ಇಲ್ಲದ ಅಲೆಯಲೆಯ ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಸ್ಕ್ಯಾನರಿನಲ್ಲಿ ಇಂಚಿಗೆ 600 ಬಿಂದುಗಳಂತೆ ಓದಿಸಿದರೆ 0.25 ಮಿಲಿಮೀಟರಿನ ಒಂದು ಚುಕ್ಕಿಗೆ ಅಡ್ಡಡ್ಡ ಆರು ಬಿಂದುಗಳು ಸಿಗುತ್ತವೆ, ಅದರ ದುಂಡು ಉಳಿಯುತ್ತದೆ; 150ಕ್ಕೆ ಇಳಿಸಿದರೆ ಒಂದೂವರೆ ಬಿಂದು ಮಾತ್ರ ಸಿಕ್ಕಿ ಅದು ಬೂದು ಕಲೆಯಾಗುತ್ತದೆ. ಹಾಗಾಗಿ ನಾನು ಪ್ರತಿ ಚಿತ್ರವನ್ನೂ ಎರಡಾಗಿ ಹಂಚಿಕೊಳ್ಳುತ್ತೇನೆ: ಛಾಯೆಗಾಗಿ ಇಡೀ ಹಾಳೆಯ ಸಣ್ಣ ಪ್ರತಿ, ಮೈವಳಿಕೆಗಾಗಿ ಬೆಳಕು ತಿರುಗುವ ಆ ಪಟ್ಟಿಯ ಎರಡು ಇಂಚು ಅಗಲದ ತುಣುಕು, ಪೂರ್ಣ ಅಳತೆಯಲ್ಲಿ.